ಶೆಲ್ಟರ್ ಮನುಷ್ಯ: ಬಳಕೆ ಮತ್ತು ನಿರ್ವಹಣೆಯ ಕೈಪಿಡಿ



ನಿಮ್ಮ ಊರಿಗೊಂದು ಪ್ರಾಣಿ ಆಶ್ರಯಧಾಮ ದಕ್ಕಿದ್ದಕ್ಕೆ ಅಭಿನಂದನೆ. ಅದರ ಜೊತೆಗೇ ಬಂದಿರುವ ಮನುಷ್ಯರನ್ನು ಚಾಲೂ ಮಾಡುವ ಮೊದಲು ಈ ಕೈಪಿಡಿ ಓದಿಕೊಳ್ಳಿ. ಕೈಪಿಡಿ ಯಾರೂ ಓದುವುದಿಲ್ಲ ಎಂಬುದು ನಮಗೂ ಗೊತ್ತು.

1. ಮಾದರಿಯ ಪರಿಚಯ

ಈ ಮನುಷ್ಯ-ಯಂತ್ರಕ್ಕೆ ನಿವೃತ್ತಿಯ ಗುಂಡಿ ಇಲ್ಲ. ಕ್ರಿಸ್ಟಲ್ ರೋಜರ್ಸ್ ಎಂಬಾಕೆ 1980ರಲ್ಲಿ ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಎಂಬ ಪ್ರಾಣಿ ಆಶ್ರಯಧಾಮ ಕಟ್ಟಿದರು. ಸಾಲದೆಂಬಂತೆ, ಎಂಬತ್ತು ದಾಟಿದ ಮೇಲೆ 1991ರಲ್ಲಿ ಬೆಂಗಳೂರಿನಲ್ಲಿ ‘ಕ್ಯೂಪಾ’ ಎಂಬ ಇನ್ನೊಂದನ್ನು ಶುರುಮಾಡಿದರು.

2. ಭಾಗಗಳು

ವೈದ್ಯರು, ನಾಯಿ ಹಿಡಿಯುವವರು, ಆಂಬುಲೆನ್ಸ್ ಡ್ರೈವರ್, ಗೂಡು ತೊಳೆಯುವವರು, ಲೆಕ್ಕ ಬರೆಯುವವರು, ಭಾನುವಾರ ಬರುವ ಸ್ವಯಂಸೇವಕರು. ಫೋಟೊದಲ್ಲಿ ಕೊನೆಯ ಭಾಗ ಮಾತ್ರ ಕಂಡರೆ ಗಾಬರಿ ಬೇಡ. ಉಳಿದವು ಒಳಗಡೆ ಕೆಲಸದಲ್ಲಿವೆ.

3. ಚಾಲನೆ

ಫೋನ್ ಮಾಡಿ. ‘ಇಲ್ಲೊಂದು ನಾಯಿ ಬಿದ್ದಿದೆ, ಬೇಗ ಬನ್ನಿ’ ಎನ್ನಿ. ಎಲ್ಲಿ ಎಂದರೆ ‘ಬಸ್ ಸ್ಟಾಪ್ ಹತ್ರ’ ಎಂದು ಫೋನ್ ಇಟ್ಟುಬಿಡಿ. ಗಾಡಿ ಬರುವ ತನಕ ಅಲ್ಲೇ ನಿಲ್ಲುವ ಸೌಲಭ್ಯವೂ ಉಂಟು. ಗ್ರಾಹಕರು ಸಾಮಾನ್ಯವಾಗಿ ಬಳಸುವುದಿಲ್ಲ.

ರಟ್ಟಿನ ಡಬ್ಬಿಯಲ್ಲಿ ಮರಿಗಳನ್ನು ತುಂಬಿ ರಾತ್ರಿ ಗೇಟಿನ ಮುಂದಿಟ್ಟು ಹೋಗುವುದು ಇನ್ನೂ ಸುಲಭ. ಒಂದಕ್ಕೆ ಪಾರ್ವೊ ಸೋಂಕು ಇದ್ದರೂ ಸಾಕು: ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ, ಯಂತ್ರ ಬ್ಲೀಚ್ ನೀರು ಹಿಡಿದು ವಾರ್ಡನ್ನೆಲ್ಲ ಉಜ್ಜುತ್ತದೆ.

4. ಕಾರ್ಯವೈಖರಿ

ನಾಯಿಯ ಕಿವಿಯ ಹಿಂದೆ ಹುಳು ಬಿದ್ದ ಗಾಯ. ಒಬ್ಬ ನಾಯಿಯ ಮೂತಿಗೆ ಗಾಜ್ ಬಟ್ಟೆ ಸುತ್ತಿ ಕಂಕುಳಲ್ಲಿ ಒತ್ತಿ ಹಿಡಿಯುತ್ತಾನೆ. ಇನ್ನೊಬ್ಬಳು ಗಾಯಕ್ಕೆ ಟರ್ಪೆಂಟೈನ್ ಹನಿಸಿ, ಟಾರ್ಚ್ ಬಿಟ್ಟು ಕಾಯುತ್ತಾಳೆ. ಹುಳುಗಳು ಬಿಳಿ ತಲೆಯೆತ್ತಿ ಮೇಲೆ ಬರುತ್ತವೆ. ಚಿಮಟದಲ್ಲಿ ಒಂದೊಂದೇ ಎತ್ತಿ ಸ್ಟೀಲ್ ತಟ್ಟೆಗೆ. ‘ಆಯ್ತು ಕಣೋ, ಇದೇ ಕೊನೇದು’ ಎಂದು ಪ್ರತಿ ಹುಳುವಿಗೂ ಸುಳ್ಳು ಹೇಳುತ್ತಾಳೆ. ವಾಸನೆ ಮೂಗಿಗೆ ಹತ್ತುವುದಿಲ್ಲವೇ ಎಂದು ಕೇಳಬೇಡಿ. ಆಮೇಲೆ ಆಕೆ ಊಟದ ಡಬ್ಬಿ ಬಿಚ್ಚಬೇಕು.

5. ಸಾಮರ್ಥ್ಯದ ಮಿತಿ

‘ನಮ್ಮ ಬೀದಿ ನಾಯಿಗಳನ್ನೆಲ್ಲ ತಗೊಂಡ್ಹೋಗಿ ಇಟ್ಕೊಳ್ಳಿ’ ಎಂಬ ಆಜ್ಞೆಯನ್ನು ಯಂತ್ರ ಸ್ವೀಕರಿಸುವುದಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಕಿವಿಗೆ ಗುರುತು ಕತ್ತರಿಸಿ, ಹಿಡಿದಲ್ಲಿಗೇ ಬಿಡಬೇಕು. ಆದರೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಆವರಣದಲ್ಲಿ ಹಿಡಿದವನ್ನು ಅಲ್ಲಿಗೆ ಮರಳಿ ಬಿಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಹೇಳಿತು. ಹಾಗಾದರೆ ಅವುಗಳಿಗೆ ಜಾಗ? ಶೆಲ್ಟರಿನ ಗೋಡೆ ರಬ್ಬರಿನದಲ್ಲ.

ನಾಯಿಗೆ ಬಿಸಿನೀರು ಎರಚಿದವನ ಮೇಲೆ ದೂರು ಕೊಡಲು ಯಂತ್ರ ಸ್ಟೇಷನ್ನಿಗೂ ಅಲೆಯುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಮೊದಲ ಸಲದ ಹಿಂಸೆಗೆ ದಂಡ 10ರಿಂದ 50 ರೂಪಾಯಿ. ದರ್ಶಿನಿಯಲ್ಲಿ ಮಸಾಲೆ ದೋಸೆಗೂ ಸಾಲದು.

6. ಇಂಧನ

ದಾನ. ಮೂರು ಕಾಲಿನ ನಾಯಿಯ ಫೋಟೊ ಹಾಕಿದರೆ ಬರುತ್ತದೆ. ಫಿನಾಯಿಲ್, ನೀರಿನ ಟ್ಯಾಂಕರ್, ಕರೆಂಟ್ ಬಿಲ್ಲಿನ ಫೋಟೊ ಹಾಕಿದರೆ ಬರುವುದಿಲ್ಲ. ಕೆಲವು ದಾನಿಗಳದು ಷರತ್ತು: ‘ದುಡ್ಡೆಲ್ಲ ಪ್ರಾಣಿಗೇ ಹೋಗಬೇಕು, ಸಂಬಳಕ್ಕಲ್ಲ.’ ನೆನಪಿಡಿ: ಈ ತನಕ ಯಾವ ನಾಯಿಯೂ ತನಗೆ ತಾನೇ ಡ್ರಿಪ್ ಹಾಕಿಕೊಳ್ಳುವುದನ್ನು ಕಲಿತಿಲ್ಲ.

7. ದೋಷ ಮತ್ತು ಪರಿಹಾರ

ಫೋನ್ ಎತ್ತುತ್ತಿಲ್ಲ: ಎರಡೂ ಕೈ ಗಾಯದಲ್ಲಿವೆ. ಹತ್ತು ನಿಮಿಷ ಬಿಟ್ಟು ಮಾಡಿ.

ಸಿಡುಕುತ್ತಿದೆ: ದೀಪಾವಳಿಯ ಮಾರನೆಯ ದಿನವೇ ಎಂದು ನೋಡಿ. ಪಟಾಕಿಗೆ ಬೆದರಿ ಓಡಿಹೋದ ನಾಯಿಗಳ ಯಜಮಾನರೆಲ್ಲ ಲೈನಿನಲ್ಲಿದ್ದಾರೆ.

ಕಚ್ಚಿಸಿಕೊಂಡಿದೆ: ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಸಿ, ತಕ್ಷಣ ಆಸ್ಪತ್ರೆಗೆ ಕಳಿಸಿ. ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಂಡಿದ್ದರೂ ಬೂಸ್ಟರ್ ಬೇಕು.

ಕೆಲಸ ಬಿಟ್ಟುಹೋಗಿದೆ: ಊಟದ ಡೆಲಿವರಿಯಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತದಂತೆ. ಮುಂದಿನ ಸಲ ದಾನ ಕೊಡುವಾಗ ‘ಸಂಬಳಕ್ಕೆ’ ಎಂದು ಬರೆಯಿರಿ. ಈ ಯಂತ್ರಕ್ಕೆ ಬಿಡಿಭಾಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ.