ಡಂಪು ಪಂಡಿತ

"ಏನ್ ಗುರೂ, ಎಡಬ್ಲ್ಯುಎಸ್ ಆರ್ಕಿಟೆಕ್ಟ್ ಆಗ್ಬಿಟ್ಯಂತೆ!"

"ಪರೀಕ್ಷೇಲಿ 65 ಪ್ರಶ್ನೆ, 130 ನಿಮಿಷ ಕೊಡ್ತಾರೆ. ಅರ್ಧ ಗಂಟೇಲಿ ಮುಗಿಸ್ದೆ."

"ಅಷ್ಟರಲ್ಲಿ ಪ್ರಶ್ನೆ ಓದೋಕೂ ಆಗಲ್ವಲ್ಲೋ?"

"ಓದೋದ್ಯಾಕೆ? ಡಂಪು, ಅಂದ್ರೆ ಸೋರಿಕೆಯಾದ ಪ್ರಶ್ನೋತ್ತರ, ಉರು ಹೊಡೆದಿದ್ದೆ. ಮೊದಲ ಸಾಲು ಕಂಡ್ರೆ ಸಾಕು, ಉತ್ತರ 'ಸಿ'."

"ಮನೇಲೇ ಕೂತು ಬರೆದ್ಯಲ್ಲ, ಕ್ಯಾಮೆರಾ ಕಾವಲು?"

"ಇತ್ತು. ಕೋಣೆಯ ಮೂಲೆ ಮೂಲೆ ತೋರಿಸು ಅಂದ್ರು, ಮೇಜು ಖಾಲಿ ಮಾಡಿಸಿದ್ರು."

(ತಲೆ ಖಾಲಿ ಇದೆಯೇ ಎಂದು ನೋಡುವ ಕ್ಯಾಮೆರಾ ಪಾಪ, ಇನ್ನೂ ಬಂದಿಲ್ಲ.)

"ನಮ್ಮ ಟೀಮಿನ ಸುಮಾ ತಿಂಗಳುಗಟ್ಟಲೆ ನಿದ್ದೆಗೆಟ್ಟು ಲ್ಯಾಬ್ ಮಾಡಿದ್ಲು. ಬಂದಿದ್ದು 715, ಬೇಕಿದ್ದು 720. ಫೇಲು."

"ಅವಳಿಗೆ ಪರೀಕ್ಷೆ ಬರೆಯೋ ಕಲೆ ಗೊತ್ತಿಲ್ಲ ಬಿಡು."

"ನಾಳೆ ಕ್ಲೈಂಟ್ ಸರ್ವರ್ ಮಲಗಿದ್ರೆ?"

"ಸುಮಾಗೇ ಫೋನ್ ಮಾಡ್ತೀನಿ!"

ಪ್ರಮಾಣಪತ್ರದ ಆಯಸ್ಸು 3 ವರ್ಷ. ಡಂಪಿನ ಕಳ್ಳಾಟ ಬಯಲಾದರೆ ಅದಕ್ಕೂ ಮೊದಲೇ ರದ್ದು ಮಾಡುವ ಹಕ್ಕು ಕೊಟ್ಟವರಿಗಿದೆ.