ನೂರಡಿ ರಸ್ತೆಯ ಪಿಜ್ಜಾ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಲು ಕೂತವನು ಮೊದಲು ನಾಲ್ಕು ಸಂಗತಿ ಹೇಳಿಬಿಡಬೇಕು: ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ. ವಿಷಯ ಇದು: ಇಂದಿರಾನಗರದ ಗೃಹಸ್ಥರು, ಮನೆಯಲ್ಲಿ ಅನ್ನ ಸಾರು ಆಗಿದ್ದರೂ, ಇಟಲಿಯ ವೇಷ ತೊಟ್ಟು ಅಮೆರಿಕದಲ್ಲಿ ಹುಟ್ಟಿದ ಚೈನ್ ಹೋಟೆಲುಗಳಿಗೆ ಯಾಕೆ ಹೋಗುತ್ತಾರೆ? ಓದಲು ಅಧಿಕಾರಿ ಯಾರೆಂದರೆ, ಶನಿವಾರ ಸಂಜೆ ಸಿಎಂಎಚ್ ರಸ್ತೆಯಿಂದ ನೂರಡಿ ರಸ್ತೆಗೆ ತಿರುಗಿ, ಪಾರ್ಕಿಂಗ್ ಹುಡುಕುತ್ತಾ ದೊಮ್ಮಲೂರು ಫ್ಲೈಓವರ್ ತಲುಪಿ ವಾಪಸು ಬಂದವನು. ಸಂಬಂಧ, ಹಸಿವು. ಪ್ರಯೋಜನದ ವಿಚಾರಕ್ಕೆ ಬಂದರೆ, ಇಂಥ ಪ್ರಬಂಧಗಳಿಗೆ ಅದು ಇರಲೇಬೇಕೆಂಬ ನಿಯಮವನ್ನು ವಿಶ್ವವಿದ್ಯಾಲಯಗಳು ಕೈಬಿಟ್ಟು ಬಹಳ ಕಾಲವಾಯಿತು. ಪಿಜ್ಜಾ ಪದದ ವ್ಯುತ್ಪತ್ತಿಯನ್ನು ನಾನು ಮುಟ್ಟುವುದಿಲ್ಲ. ಮುಟ್ಟಿದ ವಿದ್ವಾಂಸರು ಯಾರೂ ಅದನ್ನು ಬಿಸಿಯಾಗಿ ತಿಂದ ನಿದರ್ಶನವಿಲ್ಲ.

ಪೂರ್ವಾಚಾರ್ಯರ ಸ್ಮರಣೆ ಮಾಡೋಣ. ಸುಮಾರು 1508ರಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಬರೆದ. ಅದರಲ್ಲಿ ಹಿಟ್ಟಿನ ತಿನಿಸುಗಳಿಗೇ ಒಂದು ಅಧ್ಯಾಯ ಮೀಸಲು, ಬದನೆಕಾಯಿಗೆ ಧಾರಾಳ ಮರ್ಯಾದೆ; ಪಿಜ್ಜಾ ಇಲ್ಲ. ಇದರಿಂದ ಕನ್ನಡಿಗರು ತಲೆ ತಗ್ಗಿಸಬೇಕಾಗಿಲ್ಲ. ಅದೇ ಕಾಲದ ಇಟಲಿಯಲ್ಲಿ ಟೊಮೆಟೊವೇ ಇರಲಿಲ್ಲ. ಅದೂ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಹಡಗೇರಿ ಬರಬೇಕಿತ್ತು. ನೇಪಲ್ಸ್‌ನ ಕೆಂಪು ಸಾಸೂ ನಮ್ಮ ಟೊಮೆಟೊ ಸಾರೂ ಒಂದೇ ಹಡಗಿನ ಸಾಲಗಾರರು. ಹಾಗಿರುವಾಗ ‘ಅನಾದಿಕಾಲದ ಇಟಲಿ ಪರಂಪರೆ’ ಎಂದು ಮೆನು ಕಾರ್ಡಿನಲ್ಲಿ ಓದಿದ ಕೂಡಲೇ ಕೈ ಮುಗಿಯಬೇಕಾಗಿಲ್ಲ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟು ಹೊರುವವರಿಗೂ ಈ ಪರಂಪರೆಯಲ್ಲಿ ಅಷ್ಟೇ ಪಾಲಿದೆ.

ಇನ್ನೊಬ್ಬ ಆಚಾರ್ಯೆ ಮೆರಿಲಿನ್ ಹೇಗರ್ಟಿ. ಅಮೆರಿಕದ ನಾರ್ತ್ ಡಕೋಟದ ಗ್ರ್ಯಾಂಡ್ ಫೋರ್ಕ್ಸ್ ಎಂಬ ಊರಿಗೆ 2012ರಲ್ಲಿ ಆಲಿವ್ ಗಾರ್ಡನ್ ಎಂಬ ಇಟಲಿ ವೇಷದ ಚೈನ್ ಹೋಟೆಲ್ ಬಂತು. ಎಂಬತ್ತು ದಾಟಿದ್ದ ಈ ಪತ್ರಕರ್ತೆ ಹೋಗಿ ಉಂಡು ಬಂದು, ಊರಿನ ಅತಿ ದೊಡ್ಡ, ಅತಿ ಚೆಂದದ ಹೋಟೆಲ್ ಇದೇ ಎಂದು ಸ್ಥಳೀಯ ಪತ್ರಿಕೆಯಲ್ಲಿ ಬರೆದರು. ಮಹಾನಗರಗಳ ರಸಿಕರು ಬಿದ್ದು ಬಿದ್ದು ನಕ್ಕರು. ಆಮೇಲೆ ಆ್ಯಂಟನಿ ಬೋರ್ಡೇನ್‌ನಂಥ ಬಾಯಿಬಡುಕ ಬಾಣಸಿಗನೇ ಆಕೆಯ ಪರ ನಿಂತು, ಅವರ ಬರಹಗಳನ್ನು ಪುಸ್ತಕವಾಗಿ ಪ್ರಕಟಿಸಿದ. ಈ ಶಾಸ್ತ್ರದಲ್ಲಿ ನಾನು ಹೇಗರ್ಟಿಯವರ ಮತಾನುಯಾಯಿ.

ಈಗ ಪೂರ್ವಪಕ್ಷ. ಪೂರ್ವಪಕ್ಷಿ ಸಾಮಾನ್ಯವಾಗಿ ಕಂಪನಿ ಖರ್ಚಿನಲ್ಲಿ ಒಂದು ವಾರ ರೋಮ್ ನೋಡಿ ಬಂದವನು. ಹನ್ನೆರಡನೇ ಮೇನ್‌ನಲ್ಲಿ ಎದುರಾದರೆ ಬಿಡುವುದಿಲ್ಲ.

“ಅದು ಇಟಾಲಿಯನ್ನೇ ಅಲ್ಲ ಸಾರ್. ಗಾರ್ಲಿಕ್ ಬ್ರೆಡ್ ಅಂದ್ರೆ ರೋಮ್‌ನಲ್ಲಿ ಯಾರಿಗೂ ಗೊತ್ತಿಲ್ಲ.”

“ಗೊತ್ತಿಲ್ಲದಿದ್ರೆ ನಷ್ಟ ಅವರದು.”

“ಆಲ್ಫ್ರೆಡೊ ಸಾಸಿಗೆ ಕ್ರೀಮ್ ಹಾಕೋದೇ ಇಲ್ಲ ಅಲ್ಲಿ!”

ಪೂರ್ವಪಕ್ಷವನ್ನು ಅಕ್ಷರಶಃ ಒಪ್ಪುತ್ತೇನೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ರೋಮ್‌ನ ಆಲ್ಫ್ರೆಡೊ ದಿ ಲೆಲಿಯೊ ಬಳಸಿದ್ದು ಬೆಣ್ಣೆ, ಪಾರ್ಮೆಸಾನ್ ಚೀಸ್, ಅಷ್ಟೆ. ಕ್ರೀಮ್ ಸುರಿದವರು ಅಮೆರಿಕದವರು. ವಂಶಾವಳಿ ಬಿಚ್ಚಿದರೆ ಪೂರ್ವಪಕ್ಷಿಗೆ ಇನ್ನೂ ಖುಷಿಯಾದೀತು. ಪಿಜ್ಜಾ ಹಟ್ ಹುಟ್ಟಿದ್ದು 1958ರಲ್ಲಿ, ಕ್ಯಾನ್ಸಸ್‌ನ ವಿಚಿಟಾದಲ್ಲಿ, ಕಾರ್ನಿ ಸಹೋದರರಿಂದ. ಡಾಮಿನೋಸ್ 1960ರಲ್ಲಿ, ಮಿಷಿಗನ್‌ನಲ್ಲಿ, ಮೊನಹನ್ ಸಹೋದರರಿಂದ. ಎರಡು ಮನೆತನದ ಹೆಸರಿಗೂ ಐರ್ಲೆಂಡಿನ ಗಾಳಿ. ಆಲಿವ್ ಗಾರ್ಡನ್ನನ್ನು 1982ರಲ್ಲಿ ಆರಂಭಿಸಿದ್ದು ಜನರಲ್ ಮಿಲ್ಸ್, ಹಿಟ್ಟು ಮತ್ತು ಸೀರಿಯಲ್ ಮಾರುವ ಕಂಪನಿ. ನಮ್ಮ ನೂರಡಿ ರಸ್ತೆಗೂ ಬಂದ ಕ್ಯಾಲಿಫೋರ್ನಿಯಾ ಪಿಜ್ಜಾ ಕಿಚನ್ನನ್ನು 1985ರಲ್ಲಿ ತೆರೆದವರು ಇಬ್ಬರು ವಕೀಲರು; ಬಾರ್ಬೆಕ್ಯೂ ಕೋಳಿಯನ್ನು ಪಿಜ್ಜಾದ ಮೇಲೆ ಕೂರಿಸಿ ಹೆಸರು ಮಾಡಿದರು, ಯಾವ ಕಲಮಿನಡಿ ಎಂದು ಕೇಳಬೇಡಿ. ಇಟಲಿ ಈ ಸಂತಾನವನ್ನು ಒಪ್ಪಲೂ ಇಲ್ಲ. 2015ರಲ್ಲಿ ಅಲ್ಲಿಗೆ ಹೋದ ಡಾಮಿನೋಸ್ 2022ರಲ್ಲಿ ಬಾಗಿಲು ಹಾಕಿಕೊಂಡು ಬಂತು. ಅಮೆರಿಕ ಬಿಟ್ಟರೆ ಅದರ ಮಳಿಗೆಗಳು ಅತಿ ಹೆಚ್ಚು ಇರುವುದು ಭಾರತದಲ್ಲಿ.

ಇಷ್ಟೆಲ್ಲ ಒಪ್ಪಿದ ಮೇಲೆ ಸಿದ್ಧಾಂತ: ಇವು ಇಟಲಿಯ ಹೋಟೆಲುಗಳಲ್ಲ, ಅಮೆರಿಕದ ಉಡುಪಿ ಹೋಟೆಲುಗಳು. ಇಂದಿರಾನಗರ ಅವನ್ನು ಕಂಡ ತಕ್ಷಣ ಗುರುತು ಹಿಡಿದದ್ದು ಅದಕ್ಕೇ.

ಸಾಧನೆಗೆ ಇತಿಹಾಸವೇ ಪ್ರಮಾಣ. 1880ರಿಂದ 1920ರವರೆಗೆ ನಲವತ್ತು ಲಕ್ಷದಷ್ಟು ಇಟಲಿಯವರು ಅಮೆರಿಕಕ್ಕೆ ಹೋದರು. ಹೆಚ್ಚಿನವರು ಬಡ ದಕ್ಷಿಣದವರು, ಊರಲ್ಲಿ ಮಾಂಸವನ್ನು ಹಬ್ಬದ ದಿನ ಮಾತ್ರ ಕಂಡವರು. ಹೊಸ ದೇಶದಲ್ಲಿ ಮಾಂಸ ಅಗ್ಗ. ಮಾಂಸದ ಉಂಡೆ ದೊಡ್ಡದಾಯಿತು, ಸ್ಪಗೆಟಿಯ ಮೇಲೆ ಹತ್ತಿ ಕೂತಿತು, ತಟ್ಟೆ ತುಂಬಿತು. ಊರಿನ ನೆನಪು, ಪರವೂರಿನ ಸಮೃದ್ಧಿ, ಗಿರಾಕಿಯ ನಾಲಿಗೆ ಮೂರೂ ಕೂಡಿ ಹೊಸ ಅಡುಗೆಯೊಂದು ಹುಟ್ಟಿತು. ಇತ್ತ ನಮ್ಮ ಕರಾವಳಿ ನೋಡಿ. 1923ರ ನೆರೆಯ ನಂತರ ಎಷ್ಟೋ ಮನೆಗಳ ಹುಡುಗರು ಘಟ್ಟ ಹತ್ತಿದರು. ತಟ್ಟೆ ತೊಳೆದರು, ಮಾಣಿಯಾದರು, ಸಪ್ಲೈಯರ್ ಆದರು, ದೇವರು ಕಣ್ಣು ಬಿಟ್ಟರೆ ಗಲ್ಲಾದ ಮೇಲೆ ಕೂತರು. ಅವರು ಬಡಿಸಿದ್ದೆಲ್ಲ ಊರಿನ ಅಡುಗೆಯಾಗಿತ್ತೆ? ಒಳಗೆ ಕೆಂಪು ಚಟ್ನಿ ಸವರಿ, ಈರುಳ್ಳಿ ಪಲ್ಯ ಇಟ್ಟ ಬೆಂಗಳೂರಿನ ಮಸಾಲೆ ದೋಸೆಯನ್ನು ಕೃಷ್ಣಮಠದ ಪಂಕ್ತಿಯಲ್ಲಿ ಕೇಳಿ ನೋಡಿ, ಎಬ್ಬಿಸಿ ಕಳಿಸುತ್ತಾರೆ. ಉಡುಪಿ ಸೀಮೆಯ ಮಯ್ಯರು 1924ರಲ್ಲಿ ಕಟ್ಟಿದ ಎಂಟಿಆರ್, ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿತು. ಈಗ ಅದೇ ಪರಂಪರೆ. ಗೋಡೆಗೆ ಕೃಷ್ಣನ ಪಟ ಇದ್ದರೆ ಉಡುಪಿ, ದ್ರಾಕ್ಷಿ ಬಳ್ಳಿಯ ಪಟ ಇದ್ದರೆ ಇಟಲಿ. (ಗೋಬಿ ಮಂಚೂರಿ ಚೀನಾದ್ದೆಂದು ನಂಬಿದವರು ಈ ಪ್ರಕರಣವನ್ನು ಮತ್ತೊಮ್ಮೆ ಓದಬೇಕು.)

ಸಿದ್ಧಾಂತದ ಹೃದಯ ಸಾಂಬಾರ್. ‘ಸ್ವಲ್ಪ ಸಾಂಬಾರ್ ಹಾಕಪ್ಪಾ’ ಅಂದರೆ ಬಕೆಟ್ ಬರುತ್ತದೆ, ಲೆಕ್ಕ ಕೇಳುವುದಿಲ್ಲ. ಆಲಿವ್ ಗಾರ್ಡನ್‌ನಲ್ಲಿ ಬ್ರೆಡ್‌ಸ್ಟಿಕ್, ಸೂಪು, ಸಲಾಡು ಹಾಗೆಯೇ ಕೇಳಿದಷ್ಟು. 2014ರಲ್ಲಿ ಆ ಸಂಸ್ಥೆ ನೂರು ಡಾಲರಿಗೆ ಏಳು ವಾರ ಪಾಸ್ತಾ ತಿನ್ನುವ ಪಾಸ್ ಮಾರಿತು. ಸಾವಿರ ಪಾಸು ಗಂಟೆಯೊಳಗೆ ಖಾಲಿ. ಟೆಕ್ಸಸ್‌ನ ಮಗಳ ಮನೆಗೆ ಹೋದ ಇಂದಿರಾನಗರದ ನಿವೃತ್ತ ಎಚ್‌ಎಎಲ್ ಅಧಿಕಾರಿ, ಆ ದೇಶದ ಬೇರೆಲ್ಲ ಹೋಟೆಲಿನಲ್ಲಿ ‘ಇದರಲ್ಲಿ ಏನಿದೆ’ ಎಂದು ಮೂರು ಸಲ ಕೇಳುವವರು, ಇಲ್ಲಿ ಮಾತ್ರ ಮಿನೆಸ್ಟ್ರೋನೆಯನ್ನು ಎರಡನೇ ಸಲ ಹಾಕಿಸಿಕೊಂಡು, “ನಮ್ಮ ಹುಳಿಗೆ ಬೇಳೆ ಮರೆತಿದ್ದಾರೆ ಅಷ್ಟೇ ಕಣಮ್ಮ” ಎನ್ನುತ್ತಾರೆ. ಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಪ್ರಮಾಣವಾಕ್ಯ ನನಗೆ ಸಿಕ್ಕಿಲ್ಲ.

ಬೆಂಗಳೂರಿನ ಮಟ್ಟಿಗೆ ಈ ಮತ ಕಂಟೋನ್ಮೆಂಟಿನಿಂದಲೇ ಹಬ್ಬಿತು. 1996ರ ಜನವರಿಯಲ್ಲಿ ರೈತ ಸಂಘದವರು ವಿದೇಶಿ ಚೈನ್ ಬೇಡವೆಂದು ಬ್ರಿಗೇಡ್ ರಸ್ತೆಯ ಕೆಎಫ್‌ಸಿಗೆ ನುಗ್ಗಿದರು. ಆದರೂ ಅದೇ ವರ್ಷದ ಜೂನ್‌ನಲ್ಲಿ ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿ ದೇಶದ ಮೊದಲ ಪಿಜ್ಜಾ ಹಟ್ ತೆರೆಯಿತು. ಬಾಗಿಲ ಬಳಿ ಒಂದು ಗಂಟೆ ತೂಗುಹಾಕಿರುತ್ತಿದ್ದರು. ಊಟ ಹಿಡಿಸಿದರೆ ಹೋಗುವಾಗ ಬಾರಿಸಬೇಕು, ಒಳಗಿನವರೆಲ್ಲ ಒಟ್ಟಾಗಿ ಥ್ಯಾಂಕ್ಯೂ ಎಂದು ಕೂಗುವರು. ಗುಡಿಯಲ್ಲಿ ಒಳಗೆ ಬರುವಾಗ ಬಾರಿಸುತ್ತೇವೆ, ಫಲ ಆಮೇಲೆ. ಇಲ್ಲಿ ಫಲ ಮೊದಲು, ಗಂಟೆ ಆಮೇಲೆ. ಎರಡರ ನಡುವೆ ಯಾವುದು ಭಕ್ತನಿಗೆ ಲಾಭ ಎಂಬುದನ್ನು ಹಲಸೂರಿನ ಸೋಮೇಶ್ವರನೇ ನಿರ್ಣಯಿಸಬೇಕು. ಮಕ್ಕಳು ಮಾತ್ರ ಊಟ ಹಿಡಿಸದಿದ್ದರೂ ಬಾರಿಸುತ್ತಿದ್ದವು, ಆದ್ದರಿಂದ ಗಂಟೆಯ ನಾದವನ್ನು ಗುಣಮಟ್ಟದ ಪುರಾವೆಯಾಗಿ ಸ್ವೀಕರಿಸಲಾಗದು.

ನೂರಡಿ ರಸ್ತೆಗೆ ಬಂದ ಮೇಲೆ ಮತ ಇನ್ನೂ ಉಡುಪೀಕರಣಗೊಂಡಿತು. ಬಿಡಿಎ ಬಡಾವಣೆಯ ಮನೆಗಳ ಕೆಳಮಹಡಿಗಳಲ್ಲಿ ಓವನ್ ಉರಿಯತೊಡಗಿತು. ಪುಣೆಯಲ್ಲಿ ಹುಟ್ಟಿ ಇಲ್ಲಿಗೂ ಬಂದ ಲಿಟಲ್ ಇಟಲಿ ಪೂರ್ತಿ ಸಸ್ಯಾಹಾರಿ. ಈರುಳ್ಳಿ ಬೆಳ್ಳುಳ್ಳಿ ಬೇಡವೆಂದರೆ ಅದಕ್ಕೂ ದಾರಿ ಉಂಟು. ನೇಪಲ್ಸ್‌ನ ಬಾಣಸಿಗ ಇದನ್ನು ಕೇಳಿದರೆ ಕಣ್ಣೀರು ಹಾಕಿಯಾನು. ನಮ್ಮ ಅಜ್ಜಿಯಂದಿರು ಏಕಾದಶಿ ಬಿಟ್ಟು ಉಳಿದ ದಿನ ಬರಲು ಒಪ್ಪಿದ್ದು ಇಂಥ ದಾರಿಯಿಂದ. ಬೈಟು ಸೂಪ್ ಕೇಳಿದರೆ ಮುಖ ಸಿಂಡರಿಸದ ಜಾಗವನ್ನು ಈ ಊರು ತನ್ನದೆಂದೇ ತಿಳಿಯುತ್ತದೆ. ನಿಜವಾದ ಇಟಾಲಿಯನ್ ಹೋಟೆಲೂ ಇದೇ ರಸ್ತೆಯಲ್ಲಿ ಸಿಕ್ಕೀತು. ಅಲ್ಲಿ ಮೆನು ಓದುವಾಗ ಉಚ್ಚಾರಣೆಯ ಪರೀಕ್ಷೆ, ಕೆಚಪ್ ಕೇಳಿದರೆ ಫೇಲು. ಚೈನ್ ಹೋಟೆಲಿನಲ್ಲಿ ಪರೀಕ್ಷೆಯೇ ಇಲ್ಲ. ಬಡಿಸುವ ಹುಡುಗನಿಗೂ ತಿನ್ನುವ ಯಜಮಾನನಿಗೂ ಇಟಲಿ ಸಮಾನ ದೂರ. ಆಕರ್ಷಣೆಯ ಬೇರು ಇದೇ ಎಂದು ನನ್ನ ತೀರ್ಪು. ರುಚಿಗೆ ಎರಡನೇ ಸ್ಥಾನ.

ಉಪಪ್ರಕರಣವೊಂದು ಬಾಕಿ: ಪೊಟ್ಟಣ. ಒರೆಗಾನೊ ಮತ್ತು ಚಿಲ್ಲಿ ಫ್ಲೇಕ್ಸ್‌ನ ಪುಟ್ಟ ಪೊಟ್ಟಣಗಳು ಬಡಾವಣೆಯ ಫ್ರಿಜ್ ಬಾಗಿಲುಗಳಲ್ಲಿ ತುಂಬಿಕೊಂಡಿವೆ. ಯಾರೂ ಎಸೆಯುವುದಿಲ್ಲ, ಯಾರೂ ಬಳಸುವುದೂ ಇಲ್ಲ. ಇವರೇ ಬ್ಯಾಡಗಿ ಮೆಣಸಿನಕಾಯಿಯನ್ನು ಕಿಲೋಗಟ್ಟಲೆ ಒಣಗಿಸುವ ಜನ ಎಂಬುದನ್ನು ಗಮನಿಸಬೇಕು. ಒರೆಗಾನೊ ಬಗ್ಗೆ ಹಿತ್ತಿಲನ್ನೇ ಕೇಳಿ: ಅದರ ವಾಸನೆಗೆ ಕಾರಣವಾದ ಕಾರ್ವಕ್ರಾಲ್, ಥೈಮಾಲ್‌ಗಳೇ ನಮ್ಮ ದೊಡ್ಡಪತ್ರೆಯಲ್ಲೂ ಇರುವುದು. ಕುಂಡದಲ್ಲಿ ಬೆಳೆದದ್ದನ್ನು ತಂಬುಳಿ ಮಾಡಿ ಮಗುವಿನ ಶೀತಕ್ಕೆ ಕೊಡುತ್ತೇವೆ, ಪಿಜ್ಜಾದ ಜೊತೆ ಪೊಟ್ಟಣದಲ್ಲಿ ಬಂದರೆ ಚೀಸಿನ ಮೇಲೆ ಉದುರಿಸುತ್ತೇವೆ. ಪನೀರ್ ಪಿಜ್ಜಾದ ಮೇಲೆ ದೊಡ್ಡಪತ್ರೆ ಹೆಚ್ಚಿ ಹಾಕಿ ನೋಡಿ, ಪೂರ್ವಪಕ್ಷಿಗೆ ಹೇಳದೆ ಬಡಿಸಿ.

ಇಷ್ಟು ಓದಿಯೂ ಹೊರಡುವವರಿಗೆ ವ್ಯವಹಾರದ ಮಾತೊಂದು. ಯಾವ ಹೋಟೆಲಾದರೂ ಸರಿ, ಗಂಟೆ ಬಾರಿಸುವ ಮೊದಲು ಬಿಲ್ಲಿನ ಕೆಳಗಿನ ಸಾಲು ಓದಿ. ಸರ್ವಿಸ್ ಚಾರ್ಜನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದರೆ ತೆಗೆಯಬೇಕು, ಕನ್ನಡದಲ್ಲೇ ಹೇಳಬಹುದು.