ಮನೆ ಖಾಲಿ ಇದೆ, ಬಾವಲಿಗಳಿಗೆ ಮಾತ್ರ

ಹಟ್ಟಿಕೇರಿಯ ನಮ್ಮ ಮನೆಯ ಹಂಚು ಇಳಿಸಿ ತಾರಸಿ ಹಾಕಿಸಿದ ವರ್ಷ ನಾನು ಕೇರಿಯಲ್ಲೇ ಮುಂದುವರಿದ ಮನುಷ್ಯನಾಗಿದ್ದೆ. ಅಜ್ಜನ ಕಾಲದಿಂದ ಪಕಾಸು-ರೀಪುಗಳ ಸಂದಿಯಲ್ಲಿ ಠಿಕಾಣಿ ಹೂಡಿದ್ದ ಹೆಬ್ಬೆರಳು ಗಾತ್ರದ ಬಾವಲಿಗಳು ಒಂದೇ ಸಂಜೆಗೆ ಗಂಟುಮೂಟೆ ಇಲ್ಲದೆ ಹೊರಟುಹೋದವು. ಮೂವತ್ತು ವರ್ಷ ಹಾಸಿಗೆಯ ಮೇಲಿನ ಹಿಕ್ಕೆ ಕೊಡವಿದ್ದ ನನ್ನ ಹೆಂಡತಿ ಅವತ್ತು ಪಾಯಸ ಮಾಡಿದಳು. ಪಾಯಸದ ಪಾತ್ರೆ ತೊಳೆದಿಡುವುದರೊಳಗೆ ಸೊಳ್ಳೆ ಬಂದವು.

ಬಾವಲಿ ಹೋದದ್ದಕ್ಕೇ ಸೊಳ್ಳೆ ಬಂದವು ಅಂತ ತೀರ್ಪು ಕೊಟ್ಟವನು ನಾನು. ತೆಂಗಿನ ಬುಡದಲ್ಲಿ ಬಿದ್ದಿದ್ದ ಕರಟಗಳಲ್ಲಿ ನೀರು ನಿಂತಿದೆ ಅಂತ ಹೆಂಡತಿ ಹೇಳಿದಳು. ಆದರೆ ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ವಿಜ್ಞಾನ ಹೇಳಿದವನಿಗೆ ಕರಟದಂಥ ಸಾಮಾನ್ಯ ಕಾರಣ ಹಿಡಿಸುತ್ತದೆಯೇ? ಅಷ್ಟರಲ್ಲಿ ಬೆಂಗಳೂರಿನ ಮಗ ಫೋನಿಗೆ ಬಾವಲಿ ಪೆಟ್ಟಿಗೆಯ ನಕ್ಷೆ ಕಳಿಸಿದ. ಅದರ ಜೊತೆಗೆ ಅಮೆರಿಕದ ಒಂದು ಕತೆ. ಡಾಕ್ಟರ್ ಚಾರ್ಲ್ಸ್ ಕ್ಯಾಂಪ್‌ಬೆಲ್ ಎಂಬವರು ಮಲೇರಿಯಾ ಸೊಳ್ಳೆ ತಿನ್ನಿಸಲಿಕ್ಕೆಂದು 1911ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ಬಳಿ ಬಾವಲಿಗಳಿಗೆ ಗೋಪುರವನ್ನೇ ಕಟ್ಟಿಸಿದ್ದರಂತೆ. ಒಬ್ಬ ಡಾಕ್ಟರು ಗೋಪುರ ಕಟ್ಟಬಹುದಾದರೆ ಒಬ್ಬ ಮಾಸ್ತರು ಪೆಟ್ಟಿಗೆ ಕಟ್ಟಬಾರದೇ!

ಆಚಾರಿಯನ್ನು ಕರೆಸಿದೆ. ನಕ್ಷೆಯನ್ನು ಅವನು ತಿರುಗಿಸಿ ಮುರುಗಿಸಿ ನೋಡಿದ.

“ಮಾಸ್ತರ್ರೆ, ಇದ್ಕೆ ತಳ ಎಲ್ಲದೆ?”

“ತಳ ಇಲ್ಲ. ಅವು ಕೆಳಗಿಂದ ಹತ್ತಿ ಒಳಗೆ ಹೋಗ್ತವೆ.”

“ಮತ್ತೆ ಮೊಟ್ಟೆ ಕೆಳಗೆ ಬೀಳೂದಿಲ್ವಾ?”

“ಬಾವಲಿ ಮೊಟ್ಟೆ ಇಡೂದಿಲ್ಲ ಮಾರಾಯಾ. ಮರಿ ಹಾಕಿ ಹಾಲು ಕುಡಿಸ್ತದೆ.”

ಅವನು ಸ್ವಲ್ಪ ಯೋಚಿಸಿ, “ಹಂಗಾದ್ರೆ ಮರಿ ಬೀಳೂದಿಲ್ವಾ?” ಅಂದ.

ಒಳಗಿನ ಹಲಗೆಗಳ ನಡುವೆ ಎರಡೇ ಸೆಂಟಿಮೀಟರ್ ಸಂದು ಬಿಡಬೇಕು ಅಂದಾಗಲಂತೂ ಅವನಿಗೆ ನನ್ನ ತಲೆಯ ಬಗ್ಗೆ ಉಳಿದಿದ್ದ ಅನುಮಾನವೂ ಹೋಯಿತು. ಅವನ ಕಣ್ಣಮುಂದೆ ಇದ್ದದ್ದು ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿ ದಾಟುವ ದೊಡ್ಡ ಹಣ್ಣು ಬಾವಲಿ. ಎಂಟು ದಿನ ಬಿಟ್ಟು ಪೆಟ್ಟಿಗೆ ತಂದ. ಒಳಗೆಲ್ಲ ಕೀಸುಳಿ ಹಾಕಿ ಕನ್ನಡಿಯಂತೆ ನುಣುಪು ಮಾಡಿದ್ದ. ಮರಿಗಳ ಮೇಲಿನ ಮರುಕದಿಂದ ತಳ ಬಡಿದಿದ್ದ. ಮುಂದೆ ಒಂದು ದುಂಡನೆಯ ತೂತು, ತೂತಿನ ಕೆಳಗೆ ಬಂದವರು ಕೂತು ಸುಧಾರಿಸಿಕೊಳ್ಳಲಿ ಅಂತ ಒಂದು ಕಡ್ಡಿ. ಬಾವಲಿ ಉಗುರು ಸಿಕ್ಕಿಸಿ ಜೋತುಬೀಳಲು ಹಲಗೆ ತರಿತರಿ ಇರಬೇಕು ಅಂತ ವಿವರಿಸಿ, ತಳ ಕೀಳಿಸಿ, ಅವನ ಕೈಯಿಂದಲೇ ಒಳಗೆಲ್ಲ ಗೀರು ಹಾಕಿಸಿದೆ. ನಲವತ್ತು ವರ್ಷ ಮರವನ್ನು ನುಣುಪು ಮಾಡಿ ಹೊಟ್ಟೆ ಹೊರೆದ ಮನುಷ್ಯ ತಾನು ಮಾಡಿದ್ದನ್ನು ತಾನೇ ಕೆಡಿಸುವಾಗ ಮುಖ ಆಚೆ ತಿರುಗಿಸಿಕೊಂಡಿದ್ದ. ಮಜೂರಿ ಮಾತ್ರ ಎರಡೂ ಕೆಲಸಕ್ಕೆ ಹಿಡಿದ.

ನಕ್ಷೆಯ ಪ್ರಕಾರ ಕಪ್ಪು ಬಣ್ಣ ಬಳಿದೆ. ನಕ್ಷೆಯ ಪ್ರಕಾರ ಹದಿನಾಲ್ಕು ಅಡಿಯ ಗಾಳಿಮರದ ಕಂಬ ನೆಟ್ಟು, ದಿನಕ್ಕೆ ಆರೇಳು ತಾಸು ಬಿಸಿಲು ಬೀಳುವ ಕಡೆ ಮುಖ ಮಾಡಿಸಿದೆ. ಒಂದು ತಿಂಗಳು ದಿನಾ ಮುಸ್ಸಂಜೆ ಕುರ್ಚಿ ಹಾಕಿಕೊಂಡು ಕತ್ತು ಮೇಲೆ ಮಾಡಿ ಕಾದೆ. ಬಂದದ್ದು ಕತ್ತು ನೋವು.

ಹಿಕ್ಕೆಯ ವಾಸನೆ ಸವರಿದರೆ ಬರುತ್ತವೆ ಅಂತ ಯಾರೋ ಹೇಳಿದರು. ಅದರಿಂದ ಏನೂ ಆಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೆ ಆಮೇಲೆ ಗೊತ್ತಾಗುವುದೇ ನನ್ನ ಜ್ಞಾನಾರ್ಜನೆಯ ಕ್ರಮ. ಕಾರವಾರದ ಹತ್ತಿರ ಒಂದು ಪಾಳುಬಿದ್ದ ಗೋದಾಮಿನಲ್ಲಿ ಬಾವಲಿ ಇವೆ ಅಂತ ಕೇಳಿ ಹೋದೆ. ಮೂಗಿಗೆ ಪಂಜಿ ಕಟ್ಟಿಕೊಂಡು ಒಂದು ಸ್ವೀಟಿನ ಡಬ್ಬಿ ತುಂಬ ಹಿಕ್ಕೆ ಗೋರಿ, ದಾರ ಕಟ್ಟಿ, ಅಂಕೋಲೆಯ ಬಸ್ಸು ಹತ್ತಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ.

ಬಿಣಗಾ ದಾಟುವಾಗ ಮುಂದಿನ ಸೀಟಿನವರು ಕಿಟಕಿ ತೆರೆದರು. ಕಂಡಕ್ಟರು ಹಿಂದೆ ಬಂದು, “ಯಾರದ್ದು ಒಣಮೀನು? ಮೇಲೆ ಹಾಕಿ” ಅಂದ. ಬಸ್ಸಿನಲ್ಲಿ ಬುಟ್ಟಿ ಇದ್ದದ್ದು ಒಬ್ಬ ಬಾಯಿಯದ್ದು ಮಾತ್ರ. ಎಲ್ಲರ ಕಣ್ಣೂ ಅವಳ ಮೇಲೆ. ಆಕೆ ಖಾಲಿ ಬುಟ್ಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿ, “ನಮ್ಮ ಮೀನು ಹಿಂಗೆ ನಾರೂದಿಲ್ಲ! ಇದು ಯಾವ್ದೋ ಸತ್ತ ನಾತ” ಅಂದಳು. ಅಮದಳ್ಳಿಯವರೆಗೆ ಆಕೆ ಮೀನಿನ ಮರ್ಯಾದೆಯ ಪರವಾಗಿ ಮಾತಾಡಿದಳು. ನಾನು ಸಮುದ್ರ ನೋಡುತ್ತ ಕೂತಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಿಂದಿನ ಸೀಟಿನಿಂದ ಬಗ್ಗಿ, “ಸರ್, ಯಾರದ್ದಾದರೂ ಹುಟ್ಟಿದಹಬ್ಬವಾ?” ಅಂತ ಡಬ್ಬಿ ತೋರಿಸಿ ಕೇಳಿದ. ಹೌದು ಅಂದೆ. ಸತ್ಯವೇ ಗೆಲ್ಲುತ್ತದೆ ಅಂತ ಅವನಿಗೆ ಕಾಪಿ ಬರೆಸಿದವನು ನಾನೇ.

ಸವರಿದೆ. ಕಣಜ ಬಂದವು. ಪೆಟ್ಟಿಗೆಯ ಬಾಯಿಯಲ್ಲಿ ಗೂಡು ಕಟ್ಟಿ, ನೋಡಲು ಏಣಿ ಹತ್ತಿದ ಮನೆ ಯಜಮಾನನ ಹುಬ್ಬಿನ ಮೇಲೆ ಎರಡು ಕಡೆ ಕುಟುಕಿದವು.

ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಹಲಗೆ ಮುಟ್ಟಿ ಕೈ ಸುಟ್ಟುಕೊಂಡ ಮೇಲೆ ಮಗನಿಗೆ ಫೋನು ಮಾಡಿದೆ. ಆಗ ತಿಳಿಯಿತು: ಕಪ್ಪು ಬಣ್ಣ, ಬಿಸಿಲ ಮುಖ ಎಲ್ಲ ಚಳಿದೇಶದ ಬಾವಲಿಗಳನ್ನು ಬೆಚ್ಚಗಿಡುವ ಉಪಾಯ. ಅಂಕೋಲೆಯ ಬೇಸಿಗೆಗೆ ತಿಳಿಬಣ್ಣ, ನೆರಳು ಬೇಕಿತ್ತು. ನಾನು ಕಟ್ಟಿದ್ದು ಒಲೆ. ಹೆಂಡತಿ ಏನೂ ಅನ್ನದೆ ಪೆಟ್ಟಿಗೆಯ ತಲೆಯ ಮೇಲೆ ಮುರುಗಲ ಸಿಪ್ಪೆ ಒಣಗಿಸಬಹುದಾ ಅಂತ ಕೇಳಿದಳು.

ಮಗ ಸಮಾಧಾನಕ್ಕೆ ಇನ್ನೊಂದು ಕತೆ ಹೇಳಿದ. ಫ್ಲಾರಿಡಾದ ಶುಗರ್‌ಲೋಫ್ ಕೀ ಎಂಬ ದ್ವೀಪದಲ್ಲಿ ಪರ್ಕಿ ಎಂಬ ಶ್ರೀಮಂತರು ಕ್ಯಾಂಪ್‌ಬೆಲ್ ಅವರ ನಕ್ಷೆಯನ್ನೇ ತರಿಸಿ 1929ರಲ್ಲಿ ಗೋಪುರ ಕಟ್ಟಿಸಿದರಂತೆ. ಒಂದೇ ಒಂದು ಬಾವಲಿ ನೆಲೆಸಲಿಲ್ಲ. 2017ರಲ್ಲಿ ಇರ್ಮಾ ಚಂಡಮಾರುತ ಕೆಡವುವ ತನಕ ಅದು ಖಾಲಿಯೇ ನಿಂತಿತ್ತು. ಎಂಬತ್ತೆಂಟು ವರ್ಷ! ನನಗೆ ಎದೆ ಹಗುರಾಯಿತು. “ನೀವೂ ಅಷ್ಟು ವರ್ಷ ಕಾಯ್ತ್ರಾ?” ಅಂತ ಹೆಂಡತಿ ಕೇಳಿದಳು.

ಮೇ ತಿಂಗಳಲ್ಲಿ ಬಾವಲಿ ಬಂದವು. ಪೆಟ್ಟಿಗೆಗಲ್ಲ, ಪಕ್ಕದ ಮನೆಯ ಕರಿ ಈಶಾಡು ಮಾವಿಗೆ. ಅಂಕೋಲೆಯ ಕರಿ ಈಶಾಡಿಗೆ 2023ರಲ್ಲಿ ಜಿಐ ಮಾನ್ಯತೆ ಬೇರೆ ಸಿಕ್ಕಿದೆ. ಹೀಗಾಗಿ ಕಚ್ಚಿ ಬೀಳಿಸಿದ ಒಂದೊಂದು ಹಣ್ಣೂ ಸರಕಾರಿ ಲೆಕ್ಕದ ನಷ್ಟ. ಪಕ್ಕದ ಮನೆಯ ಅಕ್ಕ ಬೇಲಿಯ ಮೇಲೆ ಅರ್ಧ ತಿಂದ ಹಣ್ಣುಗಳನ್ನು ಸಾಲಾಗಿ ಇಟ್ಟು, “ಕರೆಸಿದವ್ರು ನೀವು, ಊಟ ನಮ್ಮನೇಲಿ” ಅಂದಳು. ಇವು ಬೇರೆ ಜಾತಿ, ಮರದಲ್ಲೇ ಜೋತುಬೀಳುವವು, ಪೆಟ್ಟಿಗೆಗೆ ಕಾಲಿಡುವವಲ್ಲ ಅಂತ ಹೇಳಿದೆ. 1972ರ ವನ್ಯಜೀವಿ ಕಾಯ್ದೆ ಹಣ್ಣು ಬಾವಲಿಯನ್ನು ಕಾಗೆ, ಇಲಿಗಳ ಸಾಲಿಗೆ ಸೇರಿಸಿ ಉಪದ್ರವಿ ಅಂದಿತ್ತು, 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟರು ಅಂತಲೂ ಸೇರಿಸಿದೆ. “ಹಂಗಾದ್ರೆ ಈಗ ನೀವೊಬ್ರೇ ಉಳಿದ್ರಿ” ಅಂದಳು ಅಕ್ಕ.

ನನ್ನ ಹಳೆಯ ಬಿಡಾರದವರು ಸಿಕ್ಕಿದ್ದು ಟೋಲ್ ನಾಕೆಯಲ್ಲಿ. ಒಂದು ರಾತ್ರಿ ಹೆದ್ದಾರಿ ಬದಿ ನಿಂತಿದ್ದೆ. ದೀಪದ ಬೆಳಕಿಗೆ ಮುತ್ತಿದ ಪತಂಗ, ದುಂಬಿಗಳ ನಡುವೆ ಸಣ್ಣ ಬಾವಲಿಗಳು ಫಾಸ್ಟ್‌ಟ್ಯಾಗ್ ಇಲ್ಲದೆ ಆಚೆಯಿಂದೀಚೆ ನುಗ್ಗುತ್ತ ಗಡದ್ದಾಗಿ ಊಟ ಮಾಡುತ್ತಿದ್ದವು. ಇಷ್ಟು ದಪ್ಪದಪ್ಪ ಹುಳು ಬಿಟ್ಟು ನನ್ನ ತೋಟದ ಬಡಕಲು ಸೊಳ್ಳೆಗೆ ಯಾರು ಬರುತ್ತಾರೆ? ಮನೆಗೆ ಬಂದು ಕರಟಗಳನ್ನು ಬೋರಲು ಹಾಕಿದೆ. ಸೊಳ್ಳೆ ಅರ್ಧಕ್ಕರ್ಧ ಕಡಿಮೆಯಾದವು. ಇದನ್ನು ಹೆಂಡತಿಗೆ ಇನ್ನೂ ಹೇಳಿಲ್ಲ.

ಜೂನಿನ ಮೊದಲ ವಾರ. ಪಡುವಣ ಗಾಳಿಯ ಇರಿಚಲು ತಡೆಯಲು ಜಗಲಿಯ ಮುಂದೆ ಸುತ್ತಿಟ್ಟಿದ್ದ ತಾಡಪಾಲು ಬಿಚ್ಚಬೇಕು. ದಾರಕ್ಕೆ ಕೈ ಹಾಕಿದ್ದೇ ತಡ, ಸುರುಳಿಯ ಒಳಗೆ ಚಿಕ್‌ಚಿಕ್ ಸದ್ದು. ಬ್ಯಾಟರಿ ಬಿಟ್ಟು ನೋಡಿದರೆ ಹೆಬ್ಬೆರಳು ಗಾತ್ರದವು ಐದಾರು, ಒಂದರ ಎದೆಗೆ ಕಡಲೆಬೀಜದಷ್ಟು ಮರಿ. ನೂರೈವತ್ತು ರೂಪಾಯಿಯ ನೀಲಿ ತಾಡಪಾಲು!

“ಬಿಚ್ಚೂದು ಬೇಡ,” ಅಂದಳು ಮೂವತ್ತು ವರ್ಷ ಹಿಕ್ಕೆ ಗುಡಿಸಿದವಳು. “ಬಾಣಂತಿ ಅದೆ.”

ಹೀಗಾಗಿ ಈ ಮಳೆಗಾಲ ಜಗಲಿಗೆ ಮರೆ ಇಲ್ಲ. ಬೆಳಗಿನ ಪೇಪರು ಓದುವಾಗ ಅಪ್ಪನ ಕಾಲದ ಕರಿ ಕೊಡೆ ಬಿಚ್ಚಿ, ಕಾಲು ಮಡಚಿ ಕುರ್ಚಿಯ ಮೇಲೆ ಕೂರುತ್ತೇನೆ. ಮೊನ್ನೆ ಪಕ್ಕದ ಮನೆಯ ಅಕ್ಕನ ಮೊಮ್ಮಗ ಬೇಲಿಯಾಚೆಯಿಂದ ನನ್ನನ್ನು ನೋಡಿ ಒಳಗೋಡಿದ.

“ಅಜ್ಜೀ, ಮಾಸ್ತರ ಮನೆಗೆ ದೊಡ್ಡ ಬಾವಲಿ ಬಂತು!”